ನಲವತ್ತು ನಿಮಿಷದ ಮೊದಲ ಪ್ರಶ್ನೆ

ನನ್ನ ಫೋನಿನಲ್ಲೊಂದು ಆ್ಯಪ್ ಇದೆ. ಬೆಳಗಾದರೆ ಸಾಕು, ಹತ್ತೊಂಬತ್ತು ಕೆಲಸಗಳ ಪಟ್ಟಿ ಹಿಡಿದು ಎದುರು ನಿಲ್ಲುತ್ತದೆ. ಎಲ್ಲವೂ ಅರ್ಜೆಂಟ್! (ಪಟ್ಟಿ ಮಾಡಿದವಳು ನಾನೇ. ಯಾರನ್ನು ಬೈಯಲಿ?)

ಕಳೆದ ವಾರ ಬೀದರಿನ ನಮ್ಮ ಮನೆಗೆ ಬಂದಿದ್ದ ಚಿಕ್ಕಮ್ಮನ ಮಗಳು ಸುನಂದಾಗೆ ಅದನ್ನು ತೋರಿಸಿದೆ. ಭಾಲ್ಕಿಯವಳು, ಔರಾದ ಕಡೆಯ ಹಳ್ಳಿಗಳಲ್ಲಿ ಸರ್ಕಾರಿ ನರ್ಸು.

"ಇದು ಓದೂದ್ರಾಗೇ ಹೊತ್ತು ಮುಳುಗ್ತದಲ್ಲ ಅಕ್ಕಾ! ನಾಳಿ ನನ್ನ ಸಂಗಾಟ ಬಾ" ಎಂದಳು. ಹೋದೆ.

ಗಡಿ ಹತ್ತಿರದ ಹಳ್ಳಿ. ಬಸ್ಸು ಅಲ್ಲಿ ನಲವತ್ತು ನಿಮಿಷ ನಿಂತು ವಾಪಸಾಗುತ್ತದೆ. ತಪ್ಪಿದರೆ ಸಂಜೆಯವರೆಗೆ ಇನ್ನೊಂದಿಲ್ಲ. ಅಷ್ಟರಲ್ಲೇ ರಜಿಸ್ಟರು, ಲಸಿಕೆ, ಮಾತ್ರೆ, ಫೋಟೊ ಅಪ್‌ಲೋಡು ಎಲ್ಲ ಆಗಬೇಕು.

ಅಂಗನವಾಡಿ ಎದುರು ಎಂಟು ಮಂದಿ ಗರ್ಭಿಣಿಯರು ಕಾಯುತ್ತಿದ್ದರು. ಸುನಂದಾ ಬ್ಯಾಗು ಕೂಡ ಇಳಿಸಲಿಲ್ಲ. "ಯಾರು ಬಂದಿಲ್ರಿ?" ಎಂದಳು.

"ಜಗದೇವಿ ಬಂದಿಲ್ರಿ ಸಿಸ್ಟರ್."

ನಡೆದೇಬಿಟ್ಟಳು! ನಾನು ಹಿಂದೆ ಓಡಿದೆ. "ಏ, ಬಂದವರನ್ನು ಬಿಟ್ಟು ಎಲ್ಲಿಗೆ?"

"ಅವ್ರು ತಮ್ಮ ಕಾಲಲೆ ನಡ್ಕೊಂಡು ಬಂದಾರಲ್ಲ ಅಕ್ಕಾ. ಬರದಾಕಿಗಿ ಏನಾಗ್ಯಾದೋ!"

ಜಗದೇವಿಯ ಅತ್ತೆ ಚಹಾ ಕಪ್ಪು ಹಿಡಿದೇ ಹೊರಗೆ ಬಂದರು. "ಏನೂ ಆಗಿಲ್ರಿ ಬಾಯಿ. ತಲಿ ನೋಯ್ಲತ್ತದ ಅಂತ ಮಲ್ಗ್ಯಾಳ. ಚಾ ಕುಡೀರಿ."

ಸುನಂದಾ ನೇರ ಒಳಗೆ ಹೋಗಿ ಜಗದೇವಿಯ ಊದಿದ ಪಾದದ ಮೇಲೆ ಬೆರಳೊತ್ತಿದಳು. ಕುಳಿ ಬಿತ್ತು. ಬಿದ್ದದ್ದು ಹಾಗೇ ಉಳಿಯಿತು. ಬಿಪಿ ನೋಡಿದಳು. ಅವಳ ಮುಖವೇ ಬದಲಾಯಿತು.

"ಕಣ್ಣಿಗಿ ಮಂಜ ಕಾಣ್ತದೇನವ್ವ?"

ಹುಡುಗಿ ಹೂಂ ಎಂದಳು.

"ಬಿಪಿ ಭಾಳ ಏರ್ಯಾದರಿ. ಈಗಿಂದೀಗ ಬೀದರಕ್ಕ ಒಯ್ಯಬೇಕು. ತಾಯಿ, ಕೂಸು ಇಬ್ಬರ ಜೀವದ ಮಾತದ." ಅತ್ತೆ ಕಪ್ಪು ಕೆಳಗಿಟ್ಟು ಸೊಸೆಯ ಬಟ್ಟೆ ಗಂಟು ಕಟ್ಟತೊಡಗಿದರು. ಸುನಂದಾ ಆಂಬುಲೆನ್ಸಿಗೆ ಫೋನ್ ಹಚ್ಚಿದ್ದಳು. ಆಚೆ ಬಸ್ಸು ಹಾರ್ನ್ ಹೊಡೆಯಿತು, ಹೊರಟೂ ಹೋಯಿತು. ಅವಳು ತಿರುಗಿಯೂ ನೋಡಲಿಲ್ಲ.

ಜಗದೇವಿಯನ್ನು ಕಳಿಸಿದ ಮೇಲೆ ಉಳಿದ ಎಂಟೂ ಮಂದಿಯನ್ನು ನಿಧಾನವಾಗಿ ನೋಡಿದಳು, ರಜಿಸ್ಟರೂ ತುಂಬಿದಳು. ಸಂಜೆ ಬಸ್ಸಿನಲ್ಲಿದ್ದಾಗ ಆಸ್ಪತ್ರೆಯಿಂದ ಫೋನು ಬಂತು. ಆಪರೇಷನ್ ಆಗಿದೆ, ಹೆಣ್ಣು ಕೂಸು, ಇಬ್ಬರೂ ಚೆನ್ನಾಗಿದ್ದಾರೆ. ನನಗೆ ಮೈ ಜುಮ್ಮೆಂದಿತು. ಅಳುವೂ ಬಂತು, ಸುಳ್ಳೇಕೆ ಹೇಳಲಿ? ನಾನೇ ಎತ್ತಿ ಆಡಿಸಿದ ಹುಡುಗಿ ಈ ಸುನಂದಾ. ಅವತ್ತು ಅವಳ ಪಕ್ಕ ಕೂರಲೂ ನನಗೆ ಒಂಥರಾ ಭಯಭಕ್ತಿ!

"ಮೊದಲು ಅದನ್ನೇ ಕೇಳಬೇಕು ಅಂತ ಯಾರೇ ಕಲಿಸಿದ್ದು?" ಎಂದೆ.

"ಯಾರೂ ಕಲಿಸಿಲ್ಲ ಅಕ್ಕಾ. ನೌಕರಿಗಿ ಸೇರಿದ ಹೊಸದ್ರಾಗ ಒಮ್ಮಿ ಬಂದೋರನ್ನಷ್ಟೇ ನೋಡಿ, ಬಸ್ ಹಿಡ್ದು ಹೋದೆ." ಕಿಟಕಿ ಕಡೆ ತಿರುಗಿದಳು. "ಬರದಾಕಿ ಉಳೀಲಿಲ್ಲ."

ಗದ್ದಲ ಮಾಡುವ ಕೆಲಸಗಳು ತಾವಾಗಿಯೇ ಬಂದು ನಮ್ಮೆದುರು ಸಾಲು ಹಚ್ಚುತ್ತವೆ. ನಾವು ಅವನ್ನೇ ಮುಗಿಸಿ, ದಿನ ಸಾರ್ಥಕವಾಯಿತು ಎಂದು ಬೀಗುತ್ತೇವೆ.

ಹೇಳಿ, ಇವತ್ತು ನಿಮ್ಮೆದುರು ಬಾರದೇ ಉಳಿದವರು ಯಾರು?