ತಂಗಿಯ ಚಾಕುವಿಗೆ ಹಿತ್ತಾಳೆಯ ತಡೆ

ಅಕ್ಕ ಚಾಕು ಮಾಡುವವಳು, ತಂಗಿ ಮೀನು ಕೊಯ್ದು ಮಾರುವವಳು. ಅಕ್ಕನೇ ಮಾಡಿಕೊಟ್ಟ ಚಾಕು ಹಿಡಿದಿದ್ದಾಗ ತಂಗಿಯ ಒದ್ದೆ ಕೈ ಅಲಗಿನ ಮೇಲೆ ಜಾರಿ, ಅಂಗೈಗೆ ಹೊಲಿಗೆ ಬಿದ್ದಿತ್ತು. ಗಾಯ ಮಾಯ್ದರೂ ಅಕ್ಕನ ಜೀವಕ್ಕೆ ನೆಮ್ಮದಿಯಿಲ್ಲ. ಹಿಡಿಗೂ ಅಲಗಿಗೂ ನಡುವೆ ದಪ್ಪ ಹಿತ್ತಾಳೆಯ ತಡೆಯೊಂದನ್ನು ಕೂರಿಸಲು ಹೊರಟಳು.

ಹಿತ್ತಾಳೆಗೆ ತೂತು ಕೊರೆದು, ಹಿಡಿಯೊಳಗೆ ಹೋಗುವ ಅಲಗಿನ ಬಾಲ ಬಿಗಿಯಾಗಿ ತೂರುವಷ್ಟು ಅರದಿಂದ ಉಜ್ಜಬೇಕು. ತಂಗಿಯ ಕೈ ಮತ್ತೆ ಕೊಯ್ದೀತೆಂಬ ಗಾಬರಿಯಲ್ಲಿ ಉಜ್ಜಿದ್ದು ಹೆಚ್ಚಾಯಿತು. ತಡೆಯೇನೋ ಕೂತಿತು, ಆದರೆ ಕೂದಲೆಳೆಯಷ್ಟು ಅಲುಗಾಡಿತು.

ಬಾಗಿಲಲ್ಲಿ ಕಾಯುತ್ತಿದ್ದ ತಂಗಿ, "ಸಾಕು ಕೊಡಕ್ಕಾ, ಅಷ್ಟೇನೂ ಗೊತ್ತಾಗಲ್ಲ," ಎಂದಳು.

"ನಿನಗೆ ಗೊತ್ತಾಗಲ್ಲ, ನನಗೆ ನಿದ್ದೆ ಬರಲ್ಲ. ಸುಮ್ನೆ ಕೂತ್ಕೋ."

ಅದನ್ನು ಗುಜರಿ ಡಬ್ಬಿಗೆ ಎಸೆದು ಹೊಸ ತುಂಡು ತೆಗೆದಳು. ಈ ಸಲ ಮತ್ತೆ ಮತ್ತೆ ಅಳತೆ ನೋಡುತ್ತಾ ಉಜ್ಜಿದಳು. ಸುತ್ತಿಗೆಯಿಂದ ಬಡಿದ ಮೇಲಷ್ಟೇ ತಡೆ ಒಳಗಿಳಿದು ಗಟ್ಟಿಯಾಗಿ ಕೂತಿತು. ಹಿಡಿ ಜೋಡಿಸಿ, ಜಾರಲೆಂದೇ ತಂಗಿಯ ಅಂಗೈಗೆ ಎಣ್ಣೆ ಸವರಿ, ಚಾಕುವನ್ನು ಹಲಗೆಗೆ ಜೋರಾಗಿ ಚುಚ್ಚಲು ಹೇಳಿ, ತಾನು ಮುಖ ತಿರುಗಿಸಿಕೊಂಡಳು.

ಕೈ ಜಾರಿತು. ಹಿತ್ತಾಳೆಗೆ ತಾಗಿ ಅಲ್ಲೇ ನಿಂತಿತು.

"ಇದೇನಕ್ಕಾ, ಗೋಡೇನೇ ಕಟ್ಟಿಬಿಟ್ಟಿದ್ದೀಯಾ!" ಎಂದು ತಂಗಿ ನಕ್ಕಳು.

ಅಕ್ಕನಿಗೆ ನಗು ಬರಲಿಲ್ಲ. ತಂಗಿಯ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ನೋಡಿದ ಮೇಲೆಯೇ ಸ್ಟೂಲಿನ ಮೇಲೆ ಕುಸಿದು ಕೂತಳು.