ಬ್ರೈಲ್ ಪ್ರಿಂಟರಿಗೆ ಡ್ರೈವರ್ ಬರೆದವರು

ನಾನು ಕಲಿಸುತ್ತಿದ್ದ ಹರಿಹರದ ಅಂಧ ಮಕ್ಕಳ ಶಾಲೆಗೆ ದಾವಣಗೆರೆಯಿಂದ ಕಂಪ್ಯೂಟರ್ ರಿಪೇರಿಯವರೊಬ್ಬರು ಬರುತ್ತಿದ್ದರು. ಏನು ಕೆಟ್ಟರೂ "ತಡ್ರಿ, ನೋಡಾಣ" ಎನ್ನುತ್ತ ಕನ್ನಡಕವನ್ನು ಹಣೆಗೇರಿಸುವರು. ಹೊಸ ಕಂಪ್ಯೂಟರು ನಮ್ಮ ಹಳೆಯ ಬ್ರೈಲ್ ಪ್ರಿಂಟರನ್ನು ಗುರುತಿಸದಿದ್ದಾಗ, ಅದಕ್ಕೆ ಬೇಕಾದ ಡ್ರೈವರ್ ತಂತ್ರಾಂಶವನ್ನು ತಾವೇ ಬರೆದು ಎಲ್ಲರಿಗೂ ಉಚಿತವಾಗಿ ಅಂತರ್ಜಾಲದಲ್ಲಿಟ್ಟರು. ಎಷ್ಟೋ ಶಾಲೆಗಳು ಬಳಸಿದವು; ಕೆಲಸ ಮುಂದುವರಿಸಲು ನೆರವು ಕೇಳಿದಾಗ ಯಾರೂ ಕೊಡಲಿಲ್ಲ. ಒಂದು ಕಂಪನಿ ಮಾತ್ರ, ಡ್ರೈವರನ್ನು ತನಗೇ ಬಿಟ್ಟುಕೊಟ್ಟರೆ ಸಂಬಳ ಕೊಡುತ್ತೇನೆಂದಿತು.

"ಬ್ಯಾಡ್ರಿ. ಆಮೇಲೆ ಈ ಮಕ್ಳು ರೊಕ್ಕ ಕೊಟ್ಟು ತಗೋಬೇಕಾಗ್ತೈತೆ," ಎಂದರು.

ಹೊಟ್ಟೆಪಾಡಿಗೆ ದಾವಣಗೆರೆ ಪಕ್ಕದ ಕರೂರಿನ ಕಾರ್ಖಾನೆ ಸೇರಿದರು. ಶಾಲೆಗೆ ಇನ್ನೊಂದು ಹೊಸ ಕಂಪ್ಯೂಟರ್ ಬಂದು, ಹಳೆಯ ಡ್ರೈವರ್ ಅದಕ್ಕೆ ಹೊಂದದೆ ಪ್ರಿಂಟರ್ ಮತ್ತೆ ನಿಂತಾಗ, ವಾರದ ರಜೆಯಲ್ಲಿ ಬಂದು ಹೆಣಗಿದರು. ಡ್ರೈವರನ್ನು ಹೊಸದಾಗಿ ಬರೆಯುವುದು ತಿಂಗಳುಗಟ್ಟಲೆಯ ಕೆಲಸ.

"ಪರೀಕ್ಷೆಗೆ ಬ್ರೈಲ್ ಪುಸ್ತಕ ಬರ್ತಾವೇನ್ರಿ ಸರ್?" ಎಂದಳು ಒಬ್ಬ ಹುಡುಗಿ.

ಅವರು ಪ್ರಿಂಟರ್ ಬಿಟ್ಟು ಎದ್ದರು. ಅಚ್ಚಿನ ಪುಸ್ತಕ ತೆಗೆದು, ಅವಳ ಪಕ್ಕ ಕುಳಿತು, ಪಾಠ ಓದತೊಡಗಿದರು.