ಅಂಗೈ ಗೆರೆ ಮತ್ತು ಉಳಿತಾಯದ ಬಲ್ಬು

ನಮ್ಮ ಅಡುಗೆಮನೆಯ ಬಲ್ಬಿಗೆ ಸಾಯುವ ಲಕ್ಷಣವೇ ಇಲ್ಲ. ಅದು ಮನೆಗೆ ಬಂದ ಮೇಲೆ, ಅದರ ಹಿಂದೆ ಬಂದ ಪಡಸಾಲೆಯ ಟ್ಯೂಬ್‌ಲೈಟು ತುದಿಗಳಲ್ಲಿ ಕಪ್ಪಾಗಿ ಕಣ್ಣುಮುಚ್ಚಿತು, ದನದ ಕೊಟ್ಟಿಗೆಯ ಹಳದಿ ಬಲ್ಬುಗಳು ಹಬ್ಬಕ್ಕೊಂದರಂತೆ ಉರಿದುಹೋದವು, ಬಚ್ಚಲಮನೆಯದು ನೀರು ಸಿಡಿದು ಪಟ್ಟೆಂದು ಒಡೆಯಿತು. ಇದು ಮಾತ್ರ ಒಲೆಯ ಮೇಲಿನ ಮಸಿ ಹಿಡಿದ ತೊಲೆಯಿಂದ ಜೋತುಬಿದ್ದು, ಮಡಚಿದ ಗಾಜಿನ ಕಾಲುಗಳನ್ನು ಕೆಳಗೆ ಚಾಚಿಕೊಂಡು, ಇಂದಿಗೂ ಬಟನ್ ಒತ್ತಿದರೆ ಒಂದು ಕ್ಷಣ ಯೋಚನೆ ಮಾಡಿ ಆಮೇಲೆ ಬೆಳಗುತ್ತದೆ. ಮನೆಗೆ ಬಂದ ಹೆಂಗಸರು ತಲೆಯೆತ್ತಿ ನೋಡಿ, "ಯಾವ ಕಂಪನೀದ ಬೇ ಇದು? ನಮ್ಮವು ಒಂದೂ ತಡಿಯಂಗಿಲ್ಲ" ಎನ್ನುತ್ತಾರೆ. ಕಂಪನಿಯ ಹೆಸರು ಒಗ್ಗರಣೆಯ ಹೊಗೆಗೆ ಎಂದೋ ಅಳಿಸಿಹೋಗಿದೆ. ಹೆಸರು ಉಳಿದಿದ್ದರೂ ಆ ಕೀರ್ತಿಯನ್ನು ಕಂಪನಿಗೆ ಒಪ್ಪಿಸಲು ನನಗೆ ಮನಸ್ಸಿಲ್ಲ. ಇದರ ದೀರ್ಘಾಯುಷ್ಯದ ಗುಟ್ಟು ಹೇಳಬೇಕಾದರೆ ಸ್ವಲ್ಪ ಸುತ್ತುಹಾಕಿಕೊಂಡು ಬರಬೇಕು. ನಿಮಗೆ ಪುರುಸೊತ್ತಿದ್ದರೆ ಕುಳಿತುಕೊಳ್ಳಿ.

ನಾನು ಹುಟ್ಟಿ ಬೆಳೆದದ್ದು ನಿಪ್ಪಾಣಿಯ ಪೇಟೆಯ ಒಂದು ಓಣಿಯಲ್ಲಿ. ತಂಬಾಕಿನ ಘಾಟು, ಮರಾಠಿ ಬೈಗುಳ, ಕನ್ನಡದ ಲೆಕ್ಕ, ಇವೆಲ್ಲ ಒಂದರೊಳಗೊಂದು ಬೆರೆತ ಓಣಿ ಅದು. ನನ್ನ ಬಾಲ್ಯದ ರಾತ್ರಿಗಳೆಲ್ಲ ಹಳದಿ ಬಣ್ಣದವು. ಎಂಬತ್ತರ ದಶಕದ ನಡುವೆ ಎಲ್ಲೋ ನಮ್ಮ ಓಣಿಗೆ ಮೊದಲ ಟ್ಯೂಬ್‌ಲೈಟು ಬಂದಾಗ, ಅದನ್ನು ನೋಡಲು ನೆರೆದ ನಾವೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡು ಹೌಹಾರಿದ್ದೆವು; ಎಲ್ಲರಿಗೂ ಕಾಮಾಲೆ ಇಳಿದು ಜ್ವರ ಹತ್ತಿದ ಹಾಗೆ ಕಾಣುತ್ತಿತ್ತು. ಆದರೆ ರೂಢಿಯಾಗಲು ಎಷ್ಟು ಹೊತ್ತು? ವರ್ಷ ತುಂಬುವುದರೊಳಗೆ ಹಳದಿ ಬೆಳಕಿನ ಮನೆಯೆಂದರೆ ಬಡವರ ಮನೆ ಎಂದಾಯಿತು, ತಡವಾಗಿ ಮಾತು ತಿಳಿದುಕೊಳ್ಳುವ ಹುಡುಗರಿಗೆಲ್ಲ ಟ್ಯೂಬ್‌ಲೈಟು ಎಂಬ ನಾಮಕರಣವೂ ಆಯಿತು. ಪೇಟೆಯ ಜೈನರ ಮನೆಯಾದರೂ ನಮ್ಮಲ್ಲಿ ನೇಮನಿಷ್ಠೆ ಅಷ್ಟಕ್ಕಷ್ಟೆ. ಅಪ್ಪ ಅಂಗಡಿ ಮುಚ್ಚಿ ಬಂದ ಮೇಲೆ, ಬೀದಿಯ ದೀಪಗಳೆಲ್ಲ ಹತ್ತಿ ಸಂಸಾರ ಕಳೆಗಟ್ಟಿದ ಮೇಲೆ, ನಮ್ಮ ಊಟ. ದೀಪ ಹಚ್ಚುವುದು, ಊಟಕ್ಕೆ ಕೂಡುವುದು ಎರಡೂ ಒಂದೇ ಕೆಲಸವೆಂದು ತಿಳಿದು ಬೆಳೆದವಳು ನಾನು.

ಹಾಗೆ ಬೆಳೆದ ನನ್ನನ್ನು ತೊಂಬತ್ತರ ದಶಕದ ಮೊದಲಲ್ಲಿ ಹಾರೂಗೇರಿ ಕಡೆಯ ಒಂದು ತೋಟದ ಮನೆಗೆ ಕೊಟ್ಟರು. ಸುತ್ತ ಕಬ್ಬು, ನಡುವೆ ಮನೆ. ಗಂಡನಿಗೆ ಪೇಟೆಯಲ್ಲಿ ಬೀಜ ಗೊಬ್ಬರದ ಅಂಗಡಿ. ಬೆಳಿಗ್ಗೆ ಹೋದರೆ ಬರುವುದು ರಾತ್ರಿಯೇ. ಹಗಲೆಲ್ಲ ನಾನು, ಮಾವ, ಅತ್ತೆ.

ಮಾವನವರಿಗೆ ಉಳಿತಾಯವೆಂದರೆ ಅದೊಂದು ಕಲೆ, ಒಂದು ಧರ್ಮ, ಕೆಲವು ಸಲ ಒಂದು ಜಡ್ಡು. ಬಲ್ಬಿನ ವಿಷಯದಲ್ಲಿ ಅವರ ಸಿದ್ಧಾಂತ ಸರಳವಾಗಿತ್ತು: ಬಲ್ಬಿನ ಕೆಲಸ ಬೆಳಕು ಕೊಡುವುದು, ಬಿಸಿಯಾಗುವುದಲ್ಲ. ಹಾಗಾಗಿ ಅಂಗಡಿಗೆ ಹೋದರೆ ವ್ಯಾಟನ್ನು ಓದುವವರೇ ಅಲ್ಲ, ಬಲ್ಬನ್ನು ಹಚ್ಚಿಸಿ, ಕೂಸಿನ ಹಣೆಗೆ ಜ್ವರ ನೋಡುವ ಹಾಗೆ ಅಂಗೈಯನ್ನು ಅದರ ಸಮೀಪ ಹಿಡಿದು, "ಇದಕ್ಕ ಕಾವ ಭಾಳ ಐತಿ. ಅಡಗಿ ಮಾಡಾಕ ಒಲಿ ಐತೆಪಾ ನಮ್ಮನ್ಯಾಗ. ಮತ್ತೊಂದ ತೋರಸ" ಎನ್ನುತ್ತಿದ್ದರು. ಈ ಸಿದ್ಧಾಂತದ ಫಲವಾಗಿ ಮನೆಯ ತುಂಬ ಸಣ್ಣ ಸಣ್ಣ ಜೀರೋ ಬಲ್ಬುಗಳು. ಹೆಸರೇ ಜೀರೋ, ಅಂದ ಮೇಲೆ ಕರೆಂಟೂ ಸೊನ್ನೆ ಎಂದು ಆಗ ನಮ್ಮ ಕಡೆ ಎಲ್ಲರೂ ನಂಬಿದ್ದರು, ಮಾವ ಸ್ವಲ್ಪ ಹೆಚ್ಚು ನಂಬಿದ್ದರು. ಬೆಳಕೂ ಬಹುಮಟ್ಟಿಗೆ ಸೊನ್ನೆಯೇ ಎಂಬುದನ್ನು ಮಾತ್ರ ಯಾರೂ ಅವರಿಗೆ ಹೇಳಿರಲಿಲ್ಲ. ಬಾವಿಯ ಪಂಪುಗಳು ಶುರುವಾಗಿ ವೋಲ್ಟೇಜು ಕುಸಿದರೆ, ಬಲ್ಬು ಉರಿಯುತ್ತಿದೆಯೋ ಇಲ್ಲವೋ ಎಂದು ನೋಡುವುದಕ್ಕೆ ಇನ್ನೊಂದು ದೀಪ ಬೇಕಾಗುತ್ತಿತ್ತು.

ಅತ್ತೆಯವರದು ಬೇರೆಯೇ ಲೆಕ್ಕ. ಹೊತ್ತು ಮುಳುಗಿದ ಮೇಲೆ ಅವರು ಅನ್ನ ಮುಟ್ಟುವವರಲ್ಲ. ದೀಪದ ಬೆಳಕಿಗೆ ಹುಳಹುಪ್ಪಡಿ ಬರುತ್ತವೆ, ಬಂದವು ಅನ್ನದಲ್ಲಿ ಬೀಳುತ್ತವೆ, ಕಂಡೂ ಕಾಣದೆ ಒಂದು ಜೀವಕ್ಕೆ ಕುತ್ತಾಗುತ್ತದೆ. ಆದ್ದರಿಂದ ಊಟ ಹಗಲಿನಲ್ಲೇ ಆಗಬೇಕು. ಮದುವೆಯಾಗಿ ಈ ಮನೆಗೆ ಬಂದ ವರ್ಷ ಹಿಡಿದ ನೇಮವಂತೆ ಅದು. ಬಾಣಂತನದಲ್ಲಿ ತಪ್ಪಿಸಲಿಲ್ಲ, ಬೀಗರ ಮನೆಯ ಮದುವೆಗಳಲ್ಲಿ ಹೋಳಿಗೆ ಬಡಿಸುವ ಹೊತ್ತಿಗೆ ಕತ್ತಲಾದರೆ ಖಾಲಿ ಹೊಟ್ಟೆಯಲ್ಲಿ ನಗುನಗುತ್ತ ಎದ್ದುಬಂದವರು. ಹಗಲು ಉಳಿದಿದೆಯೋ ಇಲ್ಲವೋ ಎಂದು ನೋಡಲು ಅವರ ಅಳತೆಗೋಲು ಅಂಗೈ. ಗೆರೆಗಳು ಕಂಡರೆ ಹಗಲು, ಕಾಣದಿದ್ದರೆ ರಾತ್ರಿ. ಗೋಡೆಯ ಮೇಲೆ ಗಡಿಯಾರವಿದ್ದರೂ ಅದರ ಮೇಲೆ ಅವರಿಗೆ ಭರವಸೆಯಿರಲಿಲ್ಲ. ಚಳಿಗಾಲದ ಸೂರ್ಯ ಬೇರೆ, ಬೇಸಿಗೆಯ ಸೂರ್ಯ ಬೇರೆ, ಮುಳ್ಳು ಮಾತ್ರ ಒಂದೇ ಹಾದಿಯಲ್ಲಿ ತಿರುಗುತ್ತದೆ ಎಂಬುದು ಅವರ ತಕರಾರು. ಆದರೆ ಆ ನೇಮವನ್ನು ನನ್ನ ಮೇಲಾಗಲಿ ತಮ್ಮ ಮಗನ ಮೇಲಾಗಲಿ ಅವರು ಎಂದೂ ಹೇರಲಿಲ್ಲ. ತಾವು, ಮಾವ ಊಟ ಮುಗಿಸಿ ನಮ್ಮಿಬ್ಬರ ಪಾಲನ್ನು ಮುಚ್ಚಿಟ್ಟು ಜಿನಬಸ್ತಿಗೆ ಹೋಗುತ್ತಿದ್ದರು. ಗಂಡ ಬಂದ ಮೇಲೆ ಜೀರೋ ಬಲ್ಬಿನ ಕೆಳಗೆ ನಾವು ತಡಕಾಡುತ್ತ ಉಣ್ಣುತ್ತಿದ್ದೆವು.

ಒಂದು ಜೂನ್ ತಿಂಗಳಲ್ಲಿ ಮಾವ ಹಾರೂಗೇರಿಯಿಂದ ಒಂದು ರಟ್ಟಿನ ಡಬ್ಬಿಯನ್ನು ಎದೆಗವಚಿಕೊಂಡು ಬಂದರು. ಒಳಗೆ ಈ ಬಲ್ಬು. ಟ್ಯೂಬ್‌ಲೈಟನ್ನೇ ಮಡಚಿ ಮುದುಡಿ ಕೂಡಿಸಿದ ಹಾಗಿದ್ದ ಅದನ್ನು ನಾವು ತಿರುಗಿಸಿ ತಿರುಗಿಸಿ ನೋಡಿದೆವು. ಬೆಲೆ ಕೇಳಿದರೆ ಮಾವ ಆಕಾಶ ನೋಡಿದರು. ಆದರೆ ಇದು ಅವರ ಅಂಗೈ ಪರೀಕ್ಷೆಯಲ್ಲಿ ಪಾಸಾಗಿತ್ತು: ಎಷ್ಟು ಹೊತ್ತು ಉರಿದರೂ ಕಾವೇ ಇಲ್ಲ, ಬೆಳಕು ಮಾತ್ರ ಧಾರಾಳ. "ಅಂಗಡ್ಯಾಂವ ಏನಂದ ಗೊತ್ತೇನ? ಕಾಕಾ, ಇದನ್ನ ಹಚ್ಚಿದರ ನಿಮ್ಮನ್ಯಾಗ ಹಗಲ ಮುಳಗಂಗೇ ಇಲ್ಲ ಅಂದ" ಎಂದು ಹೆಮ್ಮೆಯಿಂದ ಹೇಳಿ, ಸ್ಟೂಲು ಹತ್ತಿ, ಒಲೆಯ ಮೇಲೆ ತಾವೇ ತಿರುವಿ ಕೂರಿಸಿದರು. ಬಟನ್ ಒತ್ತಿದಾಗ ಆ ಮಸಿಹಿಡಿದ ಅಡುಗೆಮನೆ ಮೊದಲ ಸಲ ತನ್ನನ್ನು ತಾನು ನೋಡಿಕೊಂಡಿತು. ಜೋಳದ ಬಿಳುಪು, ಅರಿಶಿನದ ಹಳದಿ, ಮೂಲೆಯ ಜೇಡರ ಬಲೆ, ಎಲ್ಲವೂ ನಿಚ್ಚಳ. ನನಗಂತೂ ತವರಿನ ಬೀದಿಯೇ ಒಳಗೆ ಬಂದಂತಾಗಿ ಕುಣಿಯಬೇಕೆನಿಸಿತು.

ಇನ್ನು ಆ ಸಂಜೆಯ ಮಾತು. ಆಷಾಢ. ಮಧ್ಯಾಹ್ನದಿಂದಲೇ ಮೋಡ ಕವಿದು, ಅಡುಗೆಮನೆಯಲ್ಲಿ ಬಲ್ಬು ಆಗಿನಿಂದಲೇ ಉರಿಯುತ್ತಿತ್ತು. ಎರಚಲು ಒಳಬರುತ್ತದೆಂದು ಹಿತ್ತಲ ಬಾಗಿಲು ಹಾಕಿದ್ದೆವು. ಸೌದೆ ತೊಯ್ದು ಒಲೆ ಮುನಿಸಿಕೊಂಡಿತ್ತು; ಜೋಳದ ಭಕ್ಕರಿ ಬೇಯುವಷ್ಟರಲ್ಲಿ ಎಂದಿಗಿಂತ ಹೊತ್ತಾಗಿತ್ತು. ಊಟಕ್ಕೆ ಕೂಡುವ ಮುಂಚೆ ಅತ್ತೆ ಎಂದಿನಂತೆ ಅಂಗೈ ಚಾಚಿದರು. ಗೆರೆಗಳು ಎಷ್ಟು ಚೆನ್ನಾಗಿ ಕಂಡವೆಂದರೆ, ಮಾವ ಇಣುಕಿ ನೋಡಿ, "ನಿನ್ನ ಆಯುಷ್ಯ ಭಾಳ ಗಟ್ಟಿ ಐತಿ ನೋಡ" ಎಂದು ಚೇಷ್ಟೆ ಬೇರೆ ಮಾಡಿದರು. ಹಳದಿ ಬಲ್ಬಾಗಿದ್ದರೆ ಅತ್ತೆ ನಂಬುತ್ತಿರಲಿಲ್ಲ. ಹಳದಿ ಬೆಳಕು ನಾನು ದೀಪ ಎಂದು ತಾನೇ ಹೇಳಿಕೊಳ್ಳುತ್ತದೆ. ಈ ಬಿಳಿಯ ಬೆಳಕು ಮಾತ್ರ ಸಾಕ್ಷಾತ್ ಹಗಲಿನ ವೇಷ ಹಾಕಿತ್ತು. ಇಬ್ಬರೂ ನಿಶ್ಚಿಂತೆಯಿಂದ ಮಾತಾಡುತ್ತ ಉಣ್ಣತೊಡಗಿದರು.

ಕರೆಂಟು ಹೋಯಿತು.

ಅಂಥ ಕತ್ತಲೆಯನ್ನು ನಾನು ಆ ಮನೆಯಲ್ಲಿ ಕಂಡಿರಲಿಲ್ಲ. ತಡವರಿಸುತ್ತ ಹೋಗಿ ಹಿತ್ತಲ ಬಾಗಿಲು ತೆಗೆದೆ. ಮಳೆ ನಿಂತಿತ್ತು. ಹೊರಗೂ ಒಳಗಿನಷ್ಟೇ ಕತ್ತಲೆ. ಹಗಲು ಯಾವಾಗಲೋ ನಮಗೆ ಹೇಳದೆ ಹೊರಟುಹೋಗಿತ್ತು. "ಮೋಡ ಕವದೈತಿ, ಅದಕ್ಕ ಹಿಂಗ. ಹೊತ್ತ ಇನ್ನಾ ಮುಳಗಿಲ್ಲ" ಎಂದರು ಮಾವ, ದನಿಯಲ್ಲಿ ದಮ್ಮಿಲ್ಲದೆ. ಅಷ್ಟರಲ್ಲಿ ಕಬ್ಬಿನ ಆಚೆಯಿಂದ ಬಸ್ತಿಯ ಸಂಜೆಯ ಆರತಿಯ ಗಂಟೆ ಕೇಳಿಸಿತು. ಅದು ಬಾರಿಸುವುದು ಹೊತ್ತು ಮುಳುಗಿದ ಮೇಲೆಯೇ. ಅತ್ತೆ ಬಾಯಿಯಲ್ಲಿದ್ದ ತುತ್ತನ್ನು ಹೊರಗೆ ಹಾಕಿ, ಬಾಯಿ ತೊಳೆದುಕೊಂಡು, ಮುರಿದ ಭಕ್ಕರಿಯನ್ನು ಆಕಳಿಗೆ ಇಟ್ಟುಬಂದು ಮಲಗಿಬಿಟ್ಟರು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಇಡೀ ಒಂದು ಬಾಳಿನ ನೇಮ ಒಂದು ಬಲ್ಬಿಗೆ ಮುರಿದುಬಿದ್ದಿತ್ತು. ಅದಕ್ಕಿಂತ ಹೆಚ್ಚಾಗಿ, ಆ ಬಲ್ಬಿನ ಬೆಳಕಿಗೆ ಎಲ್ಲರಿಗಿಂತ ಹೆಚ್ಚು ಕುಣಿದವಳು ನಾನೇ ಎಂಬುದು ಒಳಗೊಳಗೇ ಚುಚ್ಚುತ್ತಿತ್ತು.

ಮರುದಿನ ಅತ್ತೆ ಪ್ರಾಯಶ್ಚಿತ್ತಕ್ಕೆಂದು ಉಪವಾಸ ಕುಳಿತರು. "ಬಲ್ಬ್ ತಂದಾಂವ ನಾನ. ನಂದೂ ಉಪವಾಸ" ಎಂದು ಮಾವ ಘೋಷಿಸಿದರು. ಚಹಾ ಇಲ್ಲದೆ ಹಲ್ಲುಜ್ಜಿದ್ದೇ ಲೆಕ್ಕಕ್ಕಿಲ್ಲ ಎನ್ನುವ ಮನುಷ್ಯ! ಬೆಳಿಗ್ಗೆ ಗಂಭೀರವಾಗಿದ್ದರು. ಬಿಸಿಲೇರಿದಂತೆ ಕಟ್ಟೆಯ ಮೇಲೆ ಕುಳಿತು ದಾರಿಯಲ್ಲಿ ಹೋಗುವವರನ್ನೆಲ್ಲ ಕರೆದು, ಅವರು ಕೇಳದಿದ್ದರೂ, "ಇವತ್ತ ನಂದ ಉಪವಾಸ ಐತಿ" ಎಂದು ಹೇಳತೊಡಗಿದರು. ಮಧ್ಯಾಹ್ನದ ಮೇಲೆ ಬೆಲ್ಲದ ಡಬ್ಬಿಯ ಹತ್ತಿರ ಎರಡು ಸಲ ಸುಳಿದಾಡಿದರು. ಕೊನೆಗೆ ಪಕ್ಕದ ತೋಟದವನು ಚಹಾ ಕುಡಿಯಲು ಕರೆದಾಗ, ಅವನ ಮೇಲೆ ಎಗರಿಬಿದ್ದ ರಭಸಕ್ಕೆ, ಒಳಗೆ ಜಪಮಣಿ ಹಿಡಿದು ಕುಳಿತಿದ್ದ ಅತ್ತೆ ಕಿಸಕ್ಕನೆ ನಕ್ಕರು.

ನಗು ಕೇಳಿ ಧೈರ್ಯ ಬಂದ ಮಾವ ನೇರವಾಗಿ ಸ್ಟೂಲು ತಂದು ಬಲ್ಬಿನ ಕೆಳಗೆ ಇಟ್ಟರು.

"ಏನ ಮಾಡಾಕತ್ತೀರಿ?" ಎಂದರು ಅತ್ತೆ.

"ತಗದ ಒಗಿತೀನಿ. ಇದರ ಹಗಲ ಸುಳ್ಳ ಹಗಲ."

"ಇಳೀರಿ ಮೊದಲ, ಹೊಟ್ಯಾಗ ಅನ್ನಿಲ್ಲ, ಬಿದ್ದೀರಿ. ಆ ಸಣ್ಣ ಬಲ್ಬಿನ್ಯಾಗ ಈ ಪೋರಿ ಕಣ್ಣ ಕಿವಚಿಕೊಂಡ ಅಕ್ಕ್ಯಾಗಿನ ಹರಳ ಆರಸೂದ ನೋಡಲಾರದ ನಾನ ನಿಮಗ ಹೇಳಿ ತರಸೀನಿ. ಅಕೀಗಂತ ತಂದದ್ದ ಅಕೀಗಿರ್ಲಿ."

"ಮತ್ತ ನಿನಗ?"

"ನನಗ ಆಕಾಶ ಐತೆಲ್ಲ. ನಿನ್ನಿ ಬಾಗಲಾ ತಗದ ನೋಡಿದ್ದರ ಮುಗೀತಿತ್ತ."

ಆ ಬಲ್ಬು ಮಾವನ ಉಳಿತಾಯದ ಹುಚ್ಚಿಗೆ ಬಂದದ್ದೆಂದು ನಾನು ತಿಳಿದಿದ್ದೆ. ನನ್ನ ಕಣ್ಣಿಗಾಗಿ ಬಂದದ್ದೆಂದು ಗೊತ್ತಾದದ್ದು ಆಗ. ಒಲೆ ಊದುವ ನೆಪದಲ್ಲಿ ಕೂತುಬಿಟ್ಟೆ. ಹೊಗೆ ಇದ್ದುದರಿಂದ ಕಣ್ಣೀರಿಗೆ ಕಾರಣ ಹುಡುಕುವ ಕಷ್ಟ ತಪ್ಪಿತು.

ಉಪವಾಸ ಮುರಿದ ಪಾರಣೆಯ ದಿನ ಸಂಜೆ ಅತ್ತೆ ತಮ್ಮ ತಾಟನ್ನು ಎತ್ತಿಕೊಂಡು ಹಿತ್ತಲ ಬಾಗಿಲ ಮೆಟ್ಟಿಲ ಮೇಲೆ ಹೋಗಿ ಕುಳಿತರು. ಎದುರಿಗೆ ಕಬ್ಬು, ಕಬ್ಬಿನ ಮೇಲೆ ಆಕಾಶ, ಅಂಚಿನಲ್ಲಿ ಉಳಿದ ಬೆಳಕು. ಮಂಡಿನೋವಿನ ಪುರಾಣ ಹೇಳುತ್ತ ಮಾವನೂ ಹಿಂದೆಯೇ ಹೋಗಿ ಕುಳಿತರು. ಹೊರಗೆ ಅವರಿಬ್ಬರು, ಒಳಗೆ ಝಗಝಗಿಸುವ ಬೆಳಕಿನಲ್ಲಿ ನಾನೊಬ್ಬಳು. ಕೆಲವು ದಿನ ಹಾಗೇ ನಡೆಯಿತು. ಬೆಳಕಿಗೊಂದು ವಿಚಿತ್ರ ಗುಣವಿದೆ, ನೋಡಿ; ಅದು ಹೆಚ್ಚಿದಷ್ಟೂ ಅದರ ಹೊರಗಿರುವುದು ಕಾಣಿಸುವುದಿಲ್ಲ. ಒಲೆಯ ಮುಂದೆ ಕುಳಿತು ಬಾಗಿಲತ್ತ ನೋಡಿದರೆ ಅವರಿಬ್ಬರ ಮಾತು ಕೇಳುತ್ತಿತ್ತು, ಮುಖ ಕಾಣುತ್ತಿರಲಿಲ್ಲ. ಯಾರೂ ಕರೆಯಲಿಲ್ಲ, ಯಾರೂ ಒತ್ತಾಯಿಸಲಿಲ್ಲ. ಒಂದು ಸಂಜೆ ನಾನೇ ಬಲ್ಬು ಆರಿಸಿ, ತಾಟಿಗೆ ಭಕ್ಕರಿ ಹಾಕಿಕೊಂಡು ಹೊರಗೆ ಬಂದೆ. ಅತ್ತೆ ಸ್ವಲ್ಪ ಸರಿದು ಜಾಗ ಕೊಟ್ಟರು. ಆಮೇಲೆ ಅಂಗಡಿಗೆ ರಜೆಯಿದ್ದ ದಿನಗಳಲ್ಲಿ ಗಂಡನೂ ಬಂದು ಕುಳಿತ, ಮೆಟ್ಟಿಲು ಸಾಲದೆ ಒಗೆಯುವ ಕಲ್ಲೂ ಊಟದ ಮಣೆಯಾಯಿತು.

ಬಲ್ಬಿನ ದೀರ್ಘಾಯುಷ್ಯದ ಗುಟ್ಟು ಇಷ್ಟೆ. ಅದರ ದುಡಿಮೆಯ ಹೊತ್ತಿನಲ್ಲಿ ನಾವೆಲ್ಲ ಹೊರಗೆ ಕೂತಿರುತ್ತೇವೆ. ಗಂಡನಿಗೆ ಬಡಿಸುವಾಗ ಒಂದಿಷ್ಟು ಉರಿದು ಮತ್ತೆ ವಿಶ್ರಾಂತಿ. ಮಾವ ಮಾತ್ರ ಇಂದಿಗೂ ಇದನ್ನು ಒಪ್ಪುವುದಿಲ್ಲ. ಅಂಗೈ ಚಾಚಿ ಜ್ವರ ನೋಡಿ ಆಯ್ದು ತಂದ ತಮ್ಮ ಚಾಣಾಕ್ಷತನವೇ ಕಾರಣವೆಂದು ಊರಿಗೆಲ್ಲ ಹೇಳುತ್ತಾರೆ, ಬಲ್ಬಿನ ಅಂಗಡಿಯವನೂ ಗಿರಾಕಿಗಳನ್ನು ನಮ್ಮ ಮನೆಗೇ ಸಾಕ್ಷಿಗೆ ಕಳಿಸುತ್ತಾನೆ.

ಈಗ ತೊಂಬತ್ತರ ದಶಕ ಮುಗಿಯುತ್ತ ಬಂದಿದೆ, ಅತ್ತೆಯ ಕಣ್ಣಿಗೆ ಪೊರೆ ಬಂದಿದೆ. ಮಳೆಗಾಲ ಕಳೆದ ಮೇಲೆ ಮಿರಜಿನ ಆಸ್ಪತ್ರೆಗೆ ಕರೆದುಕೊಂಡು ಹೋಗಿ ತೆಗೆಸುವುದೆಂದು ನಿಶ್ಚಯವಾಗಿದೆ. ಅಲ್ಲಿಯವರೆಗೆ ಅವರಿಗೆ ಅಂಗೈಯ ಗೆರೆಗಳೂ ಮಸುಕು, ಆಕಾಶವೂ ಮಸುಕು. ನಿನ್ನೆ ಮತ್ತೆ ಮೋಡ. ಅಡುಗೆಮನೆಯ ಬಲ್ಬು ಆರಿಸಿ ನಾನು ಮೆಟ್ಟಿಲಿಗೆ ಬರುವ ಹೊತ್ತಿಗೆ ಅತ್ತೆ ತಾಟಿನ ಮುಂದೆ ಕುಳಿತು, ಅಂಗೈಯನ್ನು ತಮ್ಮ ಕಣ್ಣಿನತ್ತ ಅಲ್ಲ, ನನ್ನತ್ತ ಚಾಚಿದರು.

"ನೋಡ ತಂಗಿ, ಕಾಣತಾವೇನ?"

ನಾನು ಮೊದಲು ಆಕಾಶ ನೋಡಿದೆ, ಆಮೇಲೆ ಕೈ ನೋಡಿದೆ, ಮತ್ತೊಮ್ಮೆ ಆಕಾಶ ನೋಡಿದೆ.

"ಕಾಣತಾವ್ರಿ ಅತ್ತಿ. ಇನ್ನಾ ಹೊತ್ತೈತಿ, ಸಾವಕಾಶ ಉಣ್ಣರಿ."

ಅವರು ಮತ್ತೇನೂ ಕೇಳದೆ ಭಕ್ಕರಿ ಮುರಿದರು.